1856ರ ಹಾರೋ ಹದ್ದಿನ ಸೆಂಟು ನಾಣ್ಯ ನನ್ನ ಕೈಗೆ ಬಂದ ಕಥೆ

ನಾನಿರೋದು ಅಮೆರಿಕದ ಒಹಾಯೋದಲ್ಲಿ, ಇಲ್ಲಿನ ಹಳೇ ಸೆಂಟುಗಳನ್ನ, ಅಂದ್ರೆ ಡಾಲರಿನ ನೂರನೇ ಒಂದು ಪಾಲಿನ ನಾಣ್ಯಗಳನ್ನ, ಕೂಡಿಡೋಕೆ ಶುರು ಮಾಡಿ ಹದಿಮೂರು ವರ್ಷ ಆಯ್ತು. ಆಲ್ಬಮ್‌ನಲ್ಲಿ ನಾಣ್ಯ ಕೂರಿಸೋ ಮೊದಲನೇ ತೂತು ಮಾತ್ರ ಒಂಬತ್ತು ವರ್ಷ ಖಾಲಿನೇ ಇತ್ತು, 1856ರ ಫ್ಲೈಯಿಂಗ್ ಈಗಲ್ ಸೆಂಟ್‌ದು.

ಅದು ಚಲಾವಣೆಗೆ ಅಂತ ಹೊಡೆದ ನಾಣ್ಯನೇ ಅಲ್ಲ. ಪ್ಯಾಟರ್ನ್, ಅಂದ್ರೆ ಸರ್ಕಾರದ ಟಂಕಸಾಲೆ (ಮಿಂಟ್) ನವರು ಹೀಗೆ ಮಾಡಿದ್ರೆ ಹೇಗಿರುತ್ತೆ ನೋಡಿ ಅಂತ ತೋರಿಸೋಕೆ ಹೊಡೆದ ಸ್ಯಾಂಪಲ್. ಆಗ ಇದ್ದ ದೊಡ್ಡ ಸೆಂಟು 10.89 ಗ್ರಾಂ ತಾಮ್ರ, ಅದನ್ನ ಹೊಡೆಯೋದು ಮಿಂಟ್‌ಗೆ ಗಿಟ್ತಿರಲಿಲ್ಲ, ಜನಕ್ಕೂ ಜೇಬಲ್ಲಿ ಭಾರ. ಅದಕ್ಕೆ 88 ಪಾಲು ತಾಮ್ರಕ್ಕೆ 12 ಪಾಲು ನಿಕಲ್ ಸೇರಿಸಿ 4.67 ಗ್ರಾಂನ ಪುಟ್ಟ ಸೆಂಟು ಮಾಡಿ ಕಾಂಗ್ರೆಸ್, ಅಂದ್ರೆ ಇಲ್ಲಿನ ಸಂಸತ್ತಿನ ಸದಸ್ಯರ ಕೈಗೇ ಕೊಟ್ರು. 1857ರ ಫೆಬ್ರವರಿ 21ಕ್ಕೆ ಕಾನೂನು ಆಯ್ತು, ಆ ವರ್ಷನೇ ಒಂದು ಮುಕ್ಕಾಲು ಕೋಟಿ ಹೊಡೆದ್ರು. 1856ರದ್ದು ಮಾತ್ರ ಎಲ್ಲಾ ಸೇರಿ ಎರಡು ಸಾವಿರದ ಆಸುಪಾಸು ಅಂತ ಅಂದಾಜು, ಅದರಲ್ಲೂ ಎಷ್ಟೋ ಆಮೇಲೆ ಮಿಂಟ್ ಡೈರೆಕ್ಟರ್ ಸ್ನೋಡನ್ ಕಾಲದಲ್ಲಿ ಸಂಗ್ರಾಹಕರಿಗೋಸ್ಕರನೇ ಮತ್ತೆ ಹೊಡೆದವು. ಪಿಟ್ಸ್‌ಬರ್ಗ್‌ನ ಜಾನ್ ಬೆಕ್ ಅನ್ನೋರು ಒಬ್ಬರೇ 531 ಕೂಡಿಟ್ಟಿದ್ರಂತೆ! ಪ್ಯಾಟರ್ನ್ ಆದ್ರೂ ಎಲ್ಲರೂ ಇದನ್ನ ಮಾಮೂಲಿ ಸೆಂಟುಗಳ ಸಾಲಲ್ಲೇ ಸೇರಿಸ್ಕೊಂಡು ಬಿಟ್ಟಿದಾರೆ, ಅದಕ್ಕೇ ಇದಕ್ಕೆ ಇಷ್ಟು ಡಿಮ್ಯಾಂಡ್.

ನನ್ನನ್ನ ಹಿಡಿದಿದ್ದು ಬೇರೆ. ಮಿಂಟ್‌ನ ಮುಖ್ಯ ಕೆತ್ತನೆಗಾರ ಲಾಂಗೇಕರ್ ಮಾಡಿದ ಡಿಸೈನ್‌ನಲ್ಲಿ ಹಿಂದುಗಡೆ ಒಂದು ಹಾರ ಇದೆ, ಹತ್ತಿ, ಗೋಧಿ, ಮುಸುಕಿನ ಜೋಳ, ಹೊಗೆಸೊಪ್ಪು ಎಲ್ಲಾ ಸೇರಿಸಿ ಕಟ್ಟಿದ್ದು. ನಮ್ಮದು ಪಿರಿಯಾಪಟ್ಟಣದ ಕಡೆ, ಹೊಗೆಸೊಪ್ಪು ಬೆಳೆಯೋ ಮನೆ, ಬೆರಳುಗುರಿನಷ್ಟು ಜಾಗದಲ್ಲಿ ಆ ಎಲೆ ನೋಡಿದ ದಿನ ನಂಗೆ ನಿದ್ದೆ ಬರಲಿಲ್ಲ.

ಮೊದಲು ಮೋಸ ಹೋದೆ. ಒಂದು ಕಾಯಿನ್ ಶೋದಲ್ಲಿ ಸ್ಲ್ಯಾಬ್ (ಅಸಲಿ ಅಂತ ಪರೀಕ್ಷೆ ಮಾಡಿ ಸೀಲ್ ಮಾಡಿದ ಪ್ಲಾಸ್ಟಿಕ್ ಡಬ್ಬಿ) ಇಲ್ಲದ ನಾಣ್ಯ, ರೇಟ್ ಅರ್ಧ, ಆಸೆ ತಡೀಲಿಲ್ಲ, ತಗೊಂಡೆ. ಅಸಲಿಯಾ, ಎಷ್ಟು ಸವೆದಿದೆ ಅಂತ ಪರೀಕ್ಷೆ ಮಾಡೋ ಗ್ರೇಡಿಂಗ್‌ಗೆ ಕಳಿಸಿದ್ರೆ ಇಸವಿ ತಿದ್ದಿದ್ದು ಅಂತ ವಾಪಸ್ ಬಂತು. 1858ರ ನಾಣ್ಯದ 8ನ್ನ ಕೆರೆದು 6 ಮಾಡಿದ್ರು. ತೂಕ ಸರಿ, ಲೋಹ ಸರಿ, ಯಾಕಂದ್ರೆ ಅದು ನಿಜವಾದ ಹದ್ದಿನ ಸೆಂಟೇ, ಹಾಗಾಗಿ ತಕ್ಕಡಿ ಇಲ್ಲಿ ಉಪಯೋಗಕ್ಕೆ ಬರಲ್ಲ.

ಆಮೇಲೆ ಕಲಿತೆ. ಕಡಿಮೆ ದುಡ್ಡಿನ, ಸವೆದ 1857, 1858ರ ಸೆಂಟುಗಳನ್ನ ಏಳೆಂಟು ತಗೊಂಡು, 10 ಪಟ್ಟು ದೊಡ್ಡದಾಗಿ ತೋರಿಸೋ ಲೂಪ್ (ಭೂತಗನ್ನಡಿ) ಹಿಡಿದು, ಅಸಲಿ 1856ರ ದೊಡ್ಡ ಫೋಟೋ ಪಕ್ಕದಲ್ಲಿಟ್ಟು ರಾತ್ರಿ ರಾತ್ರಿ ನೋಡ್ತಾ ಕೂರ್ತಿದ್ದೆ. ನೋಡಬೇಕಾಗಿರೋದು 6 ಅಲ್ಲ, 5! ಅಸಲಿಯಲ್ಲಿ 5 ಸ್ವಲ್ಪ ಬಲಕ್ಕೆ ವಾಲಿರುತ್ತೆ, ಅದರ ನಿಂತ ಗೆರೆಯನ್ನ ಮನಸ್ಸಲ್ಲೇ ಕೆಳಗೆ ಎಳೆದ್ರೆ 5ರ ಕೆಳತುದಿಯಲ್ಲಿರೋ ಗುಂಡಿನ ನಡುಮಧ್ಯಕ್ಕೆ ಬರುತ್ತೆ, 1858ರಲ್ಲಿ ಗುಂಡಿನ ಹೊರ ಅಂಚಿಗೆ ಹೋಗುತ್ತೆ. 8ನ್ನ ತಿದ್ದಿ 6 ಮಾಡೋನು 5ರ ತಂಟೆಗೆ ಹೋಗಿರಲ್ಲ.

ಕೊನೆಗೆ ತಗೊಂಡಿದ್ದು ಸ್ಲ್ಯಾಬ್‌ನಲ್ಲಿರೋದು, ಆದ್ರೆ ಕನ್ನಡಿ ಥರ ಹೊಳೆಯೋ ಹಾಗೆ ವಿಶೇಷವಾಗಿ ಹೊಡೆದ ಪ್ರೂಫ್ ಅಲ್ಲ, ಹದ್ದಿನ ಎದೆಯ ಗರಿ ಪೂರ್ತಿ ಸವೆದಿರೋದು. ಗೆಳೆಯರು ಇನ್ನೊಂದು ವರ್ಷ ಕಾದು ಚೆನ್ನಾಗಿರೋದು ತಗೋ ಅಂದ್ರು, ನಾನು ಬೇಕಂತಲೇ ಸವೆದಿದ್ದನ್ನ ಹುಡುಕಿದ್ದೆ. ತೋರಿಸೋಕೆ ಅಂತ ಹೊಡೆದ ಸ್ಯಾಂಪಲ್ಲು ಯಾರದೋ ಜೇಬಿಂದ ಅಂಗಡಿಗೆ, ಅಂಗಡಿಯಿಂದ ಇನ್ಯಾರದೋ ಜೇಬಿಗೆ ಹೋಗಿ ನಾಲ್ಕು ಜನರ ಕೈಲಿ ಓಡಾಡಿದೆ, ಪೆಟ್ಟಿಗೆಯಲ್ಲೇ ಕೂತಿದ್ದ ಪ್ರೂಫ್‌ಗಿಂತ ನಂಗೆ ಅದೇ ದೊಡ್ಡದು. ಕೆಲವು ಸಾವಿರ ಡಾಲರ್ ಆಯ್ತು, ಎರಡು ವರ್ಷ ಊರಿಗೆ ಹೋಗೋದನ್ನ ಮುಂದಕ್ಕೆ ಹಾಕಿದ್ದೆ.

ತಿದ್ದಿದ ಆ 1858ನ್ನೂ ಮಾರಿಲ್ಲ, ಮಾರೋದೂ ಇಲ್ಲ, ಚೀಟಿ ಅಂಟಿಸಿ ಇಟ್ಕೊಂಡಿದೀನಿ. ಹೊಸದಾಗಿ ಶುರು ಮಾಡೋರು ಯಾರಾದ್ರೂ ಮನೆಗೆ ಬಂದ್ರೆ ಎರಡನ್ನೂ ಪಕ್ಕಪಕ್ಕ ಇಟ್ಟು ಲೂಪ್ ಕೈಗೆ ಕೊಡ್ತೀನಿ, 5 ನೋಡಿ ಅಂತೀನಿ.