ಯೂಟ್ಯೂಬ್‌ನಿಂದ ಮೊದಲ ನೂರು ಡಾಲರ್: ದಾರಿ ಹೀಗಿದೆ

ನಮ್ಮ ಅತ್ತಿಗೆ ಕಳಲೆ (ಎಳೆ ಬಿದಿರು) ಪಲ್ಯ ಮಾಡುವುದನ್ನು ಫೋನಿನಲ್ಲಿ ಹಿಡಿದು ಯೂಟ್ಯೂಬ್‌ಗೆ ಹಾಕಿದಾಗ ಮನೆಯವರೆಲ್ಲ ನಕ್ಕಿದ್ದೆವು. ಎರಡು ವರ್ಷದ ಮೇಲೆ ಅವರ ಖಾತೆಗೆ ಮೊದಲ ದುಡ್ಡು ಬಂತು. ಅಡುಗೆ ತೋರಿಸುವುದು ಅವರಿಗೆ ಸಲೀಸು. ತಲೆನೋವು ತಂದದ್ದು ಕಾಗದಪತ್ರ. ಆ ಓಡಾಟದಲ್ಲಿ ನಾನೂ ಇದ್ದೆ, ಹಾಗಾಗಿ ಇದನ್ನು ಬರೆಯುವ ಧೈರ್ಯ.

ಮೊದಲು ವಿಷಯ ಹುಡುಕಿ. ಯೂಟ್ಯೂಬ್‌ನ ಹುಡುಕಾಟದ ಜಾಗದಲ್ಲಿ ಕನ್ನಡದಲ್ಲೇ ಎರಡು ಪದ ಟೈಪ್ ಮಾಡಿ ನಿಲ್ಲಿಸಿ. ಕೆಳಗೆ ಸಾಲಾಗಿ ಬರುತ್ತದಲ್ಲ, ಅದೇ ಜನ ಕೇಳುತ್ತಿರುವುದು. ಅದಕ್ಕೆ ಕನ್ನಡದಲ್ಲಿ ಒಳ್ಳೆಯ ಉತ್ತರ ಇಲ್ಲದಿದ್ದರೆ ಜಾಗ ನಿಮ್ಮದು. ಕಳಲೆಯನ್ನು ಮೂರು ದಿನ ನೀರು ಬದಲಿಸಿ ನೆನೆಸಬೇಕು ಎನ್ನುವುದು ಪೇಟೆಯಲ್ಲಿ ಬೆಳೆದ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ಆ ವಿಡಿಯೊ ಪ್ರತಿ ಮಳೆಗಾಲದಲ್ಲೂ ಮತ್ತೆ ಓಡುತ್ತದೆ, ಹಳೆ ಹಲಸಿನ ಮರ ಕಾಯಿ ಬಿಟ್ಟ ಹಾಗೆ.

ಚಾನೆಲ್ ತೆರೆಯಲು ದುಡ್ಡು ಬೇಡ, ಜಿಮೇಲ್ ಖಾತೆ ಸಾಕು. ಫೋನ್ ನಂಬರ್ ಕೊಟ್ಟು ದೃಢಪಡಿಸಿಕೊಳ್ಳಿ. ಇಲ್ಲವಾದರೆ 15 ನಿಮಿಷಕ್ಕಿಂತ ಉದ್ದದ ವಿಡಿಯೊ ಹಾಕಲು ಆಗುವುದಿಲ್ಲ.

ಈಗ ಲೆಕ್ಕ. ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು ಬೇಕು. ಜೊತೆಗೆ ಹಿಂದಿನ 12 ತಿಂಗಳಲ್ಲಿ ಜನ ನಿಮ್ಮ ವಿಡಿಯೊಗಳನ್ನು ಒಟ್ಟು 4,000 ಗಂಟೆ ನೋಡಿರಬೇಕು. ಅಥವಾ 90 ದಿನಗಳಲ್ಲಿ ಶಾರ್ಟ್ಸ್‌ಗೆ, ಅಂದರೆ ಫೋನಿನಲ್ಲಿ ಉದ್ದಕ್ಕೆ ಕಾಣುವ ಪುಟ್ಟ ವಿಡಿಯೊಗಳಿಗೆ, 1 ಕೋಟಿ ವೀಕ್ಷಣೆ ಬಂದಿರಬೇಕು. ಸಾವಿರ ಚಂದಾದಾರರನ್ನು ನೆಂಟರು, ಊರಿನವರು, ವಾಟ್ಸ್‌ಆ್ಯಪ್ ಗುಂಪು ಎಂದು ಹೇಗೋ ಕೂಡಿಸಬಹುದು. ಗಂಟೆಗಳನ್ನು ಕೂಡಿಸುವುದು ಕಷ್ಟ. 4,000 ಗಂಟೆ ಎಂದರೆ 2,40,000 ನಿಮಿಷ. ಒಬ್ಬರು ಸರಾಸರಿ ಮೂರು ನಿಮಿಷ ನಿಂತರೆ 80,000 ವೀಕ್ಷಣೆ ಬೇಕಾಯಿತು. ಶಾರ್ಟ್ಸ್ ಒಂದಾದ ಮೇಲೊಂದು ಬರುವ ಫೀಡ್‌ನಲ್ಲಿ ನೋಡಿದ ಸಮಯ ಈ ಗಂಟೆಗಳಿಗೆ ಸೇರುವುದಿಲ್ಲ. ಅತ್ತಿಗೆ ಇದು ತಿಳಿಯದೆ ಆರು ತಿಂಗಳು ಬರೀ ಶಾರ್ಟ್ಸ್ ಹಾಕಿದರು.

ವಿಡಿಯೊ 8 ನಿಮಿಷ ದಾಟಿದರೆ ನಡುವೆಯೂ ಜಾಹೀರಾತು ಇಡಬಹುದು. ಹಾಗಂತ ಐದು ನಿಮಿಷದ ಪಲ್ಯವನ್ನು ಸುಮ್ನೆ ಎಳೆದರೆ ಜನ ಮುಂದಕ್ಕೆ ತಳ್ಳಿ ಹೋಗುತ್ತಾರೆ. ಹಿನ್ನೆಲೆಗೆ ಸಿನಿಮಾ ಹಾಡು ಬೇಡವೇ ಬೇಡ. ಹಕ್ಕಿರುವ ಕಂಪನಿ ಆ ವಿಡಿಯೊದ ಆದಾಯವನ್ನು ತಾನೇ ತೆಗೆದುಕೊಳ್ಳಬಹುದು. 90 ದಿನಗಳಲ್ಲಿ ಮೂರು ಕಾಪಿರೈಟ್ ಸ್ಟ್ರೈಕ್ (ಹಕ್ಕುದಾರರ ದೂರಿನ ಮೇಲೆ ಯೂಟ್ಯೂಬ್ ಕೊಡುವ ಎಚ್ಚರಿಕೆ) ಬಿದ್ದರೆ ಚಾನೆಲ್ಲೇ ಹೋಗಬಹುದು. ಚಾನೆಲ್ ನಡೆಸುವವರಿಗಾಗಿ ಇರುವ ಯೂಟ್ಯೂಬ್ ಸ್ಟುಡಿಯೊ ಪುಟದ ಆಡಿಯೊ ಲೈಬ್ರರಿಯಲ್ಲಿ ಪುಕ್ಕಟೆ ಸಂಗೀತ ಸಿಗುತ್ತದೆ. ನನ್ನನ್ನು ಕೇಳಿದರೆ ಒಗ್ಗರಣೆ ಸಿಡಿಯುವ ಸದ್ದೇ ಸಾಕು.

ಗಂಟೆ, ಚಂದಾದಾರರು ತುಂಬಿದ ಮೇಲೆ ಸ್ಟುಡಿಯೊದಲ್ಲಿ ಅರ್ಜಿ ಹಾಕಿ. ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರ ಬರುತ್ತದೆ. ಬೇರೆಯವರ ವಿಡಿಯೊ ತುಂಡುಗಳನ್ನು ಅಂಟಿಸಿ ಮಾಡಿದ ಚಾನೆಲ್ ಇಲ್ಲೇ ಸಿಕ್ಕಿಬೀಳುತ್ತದೆ.

ಒಪ್ಪಿಗೆ ಸಿಕ್ಕಿತು ಎಂದು ಪಾಯಸ ಮಾಡಬೇಡಿ, ದುಡ್ಡು ಪಾವತಿಯಾಗುವ ಗೂಗಲ್ ಖಾತೆ, ಆ್ಯಡ್‌ಸೆನ್ಸ್, ಇನ್ನೂ ಬಾಕಿ ಇದೆ. ಒಬ್ಬರಿಗೆ ಒಂದೇ ಖಾತೆ. ನಮ್ಮ ಕಡೆಯವರಿಗೆ ಇಲ್ಲಿ ಇನಿಷಿಯಲ್ ಕಾಟ. ಆಧಾರ್‌ನಲ್ಲಿ ಒಂದಕ್ಷರ, ಪ್ಯಾನ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಪಾಸ್‌ಬುಕ್‌ನಲ್ಲಿ ಗಂಡನ ಹೆಸರು. ಅರ್ಜಿ ಹಾಕುವ ಮೊದಲೇ ಮೂರನ್ನೂ ಒಂದು ಮಾಡಿಸಿಕೊಳ್ಳಿ.

ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸ ಖಚಿತಪಡಿಸಲು ಗೂಗಲ್ ಒಂದು ಪಿನ್ ನಂಬರನ್ನು ಅಂಚೆಯಲ್ಲಿ ಕಳಿಸುತ್ತದೆ. ಹೌದು, ಸಾಕ್ಷಾತ್ ಪೋಸ್ಟ್‌ನಲ್ಲಿ! ರಿಜಿಸ್ಟರ್ಡ್ ಅಲ್ಲ, ಸಾದಾ ಅಂಚೆ. ಅತ್ತಿಗೆಯ ಮೊದಲ ಕಾಗದ ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಎರಡನೆಯದನ್ನು ತರಿಸುವಾಗ ವಿಳಾಸದಲ್ಲಿ ಮನೆಯ ಹೆಸರು, ಅಂಚೆ ಕಚೇರಿಯ ಹೆಸರು, ಫೋನ್ ನಂಬರ್ ಎಲ್ಲ ಸೇರಿಸಿದೆವು. ಪೋಸ್ಟ್‌ಮ್ಯಾನ್‌ಗೆ ಮೊದಲೇ ಹೇಳಿಟ್ಟೆವು. ಮೂರು ವಾರಕ್ಕೆ ಬಂತು.

ನಂತರ ಅಮೆರಿಕದ ತೆರಿಗೆಯ ಅರ್ಜಿ, ಡಬ್ಲ್ಯು-8ಬೆನ್. ನಮಗೂ ಅಮೆರಿಕಕ್ಕೂ ಏನು ಸಂಬಂಧ ಅಂತೀರಾ? ಅಲ್ಲಿರುವ ಕನ್ನಡಿಗರು ನಿಮ್ಮ ವಿಡಿಯೊ ನೋಡಿದರೆ ಅದರ ಗಳಿಕೆಗೆ ಅಲ್ಲಿಯ ತೆರಿಗೆ ಉಂಟು. ಪ್ಯಾನ್ ನಂಬರ್ ಕೊಟ್ಟು, ಭಾರತದ ಜೊತೆಗಿನ ತೆರಿಗೆ ಒಪ್ಪಂದವನ್ನು ಆರಿಸಿಕೊಂಡರೆ ಆ ಭಾಗಕ್ಕೆ ಮಾತ್ರ 15% ಕಡಿತ. ಅರ್ಜಿಯನ್ನೇ ತುಂಬದಿದ್ದರೆ ಎಲ್ಲ ದೇಶಗಳ ಗಳಿಕೆಯಿಂದಲೂ 24%ವರೆಗೆ ಹೋಗಬಹುದು. ಹತ್ತು ನಿಮಿಷದ ಕೆಲಸಕ್ಕೆ ಸೋಮಾರಿತನ ಬೇಡ.

ಬ್ಯಾಂಕಿನಲ್ಲಿ ಸ್ವಿಫ್ಟ್ ಕೋಡ್ ಕೇಳಿ, ವಿದೇಶದ ಹಣ ಬರಲು ಬೇಕಾದ ಬ್ಯಾಂಕ್ ಗುರುತು ಅದು. ಸಣ್ಣ ಶಾಖೆಗಳಿಗೆ ಅದು ಇರುವುದಿಲ್ಲ, ಅದೇ ಬ್ಯಾಂಕಿನ ದೊಡ್ಡ ಶಾಖೆಯದನ್ನು ಕೊಡುತ್ತಾರೆ. ಗಳಿಕೆ 100 ಡಾಲರ್ ದಾಟಿದರೆ ಮುಂದಿನ ತಿಂಗಳು 21ರಿಂದ 26ರೊಳಗೆ ಹಣ ಹೊರಡುತ್ತದೆ. ದಾಟದಿದ್ದರೆ ಮುಂದಕ್ಕೆ ಸೇರಿಕೊಳ್ಳುತ್ತದೆ. ಈ ಆದಾಯವನ್ನು ನಮ್ಮ ಇನ್‌ಕಮ್ ಟ್ಯಾಕ್ಸ್ ರಿಟರ್ನ್‌ನಲ್ಲೂ ತೋರಿಸಬೇಕು.

ಉದ್ದದ ವಿಡಿಯೊದ ಪುಟದಲ್ಲಿ ಬರುವ ಜಾಹೀರಾತಿನ ಆದಾಯದಲ್ಲಿ ನಿಮ್ಮ ಪಾಲು 55%, ಶಾರ್ಟ್ಸ್‌ನಲ್ಲಿ 45%. ಕೇಳಲು ಜಾಸ್ತಿ ಅನಿಸುತ್ತದೆ, ಅಲ್ವಾ? ಆದರೆ ಕನ್ನಡ ವಿಡಿಯೊಗೆ ಬರುವ ಜಾಹೀರಾತಿನ ದರವೇ ಇಂಗ್ಲಿಷಿನದಕ್ಕಿಂತ ಕಡಿಮೆ. ಇದನ್ನೇ ನಂಬಿ ಕೆಲಸ ಬಿಡುವವರಿಗೆ ನಾನು ಬೇಡ ಅನ್ನುತ್ತೇನೆ.

ಕಂಪನಿಗಳು ದುಡ್ಡು ಕೊಟ್ಟು ತಮ್ಮ ಮಸಾಲೆ ಪುಡಿ ತೋರಿಸಿ ಎನ್ನಬಹುದು. ಒಪ್ಪಿದರೆ ಅದು ಜಾಹೀರಾತು ಎಂದು ವಿಡಿಯೊದಲ್ಲೇ ಹೇಳಿ. ಅತ್ತಿಗೆ ಅದಕ್ಕೂ ಹೋಗಲಿಲ್ಲ. ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐನಲ್ಲಿ ನೋಂದಣಿ ಮಾಡಿಸಿ, ವಿಡಿಯೊ ಕೆಳಗೆ ನಂಬರ್ ಹಾಕಿ ಅಪ್ಪೆಮಿಡಿ ಉಪ್ಪಿನಕಾಯಿ ಮಾರುತ್ತಿದ್ದಾರೆ. ಈಗ ಯೂಟ್ಯೂಬ್ ದುಡ್ಡಿಗಿಂತ ಉಪ್ಪಿನಕಾಯಿ ದುಡ್ಡೇ ಜಾಸ್ತಿ. ಈ ವರ್ಷದ ಭರಣಿಗಳು ಖಾಲಿಯಾಗಿವೆ, ನನಗೂ ಸಿಗಲಿಲ್ಲ.