ಒರೆಸಿದ ಹಣ್ಣು, ಅಳಿದ ಬಣ್ಣ

ಹಣ್ಣಿನ ಬಣ್ಣಕ್ಕೂ ಒಳಗಿನ ತಿರುಳಿಗೂ ಏನು ನಂಟು ಎಂದು ಅಳೆಯಲು ಹೊರಟ ಮೊದಲ ವರ್ಷ ನನ್ನ ಬೆರಳುಗಳೇ ಕೆಲಸ ಕೆಡಿಸಿದವು. ಕಡುನೀಲಿ ಹಣ್ಣುಗಳನ್ನು ಕೈಯಿಂದ ಕಿತ್ತು, ಮೇಲಿನ ಬೂದಿಯಂಥ ಪುಡಿಯನ್ನು ಧೂಳೆಂದು ಒರೆಸಿ, ಯಾವ ಬೆಳಕು ಎಷ್ಟು ಮರಳುತ್ತದೆ ಎಂದು ಅಳೆಯುವ ಸ್ಪೆಕ್ಟ್ರೋಮೀಟರಿಗೆ ಒಡ್ಡುತ್ತಿದ್ದೆ. ಅದು ಧೂಳಲ್ಲ, ಮೇಣ. ನೇರಳಾತೀತ ಬೆಳಕನ್ನು ಚೆದುರಿಸಿ ಹೊರಗೆ ಕಳಿಸುವುದು ಆ ಮೇಣದ ಪದರವೇ. ಒರೆಸಿದ ಹಣ್ಣು ನಮಗೆ ಮೊದಲಿಗಿಂತ ಚೆಂದ ಕಾಣುತ್ತದೆ. ನೇರಳಾತೀತವನ್ನೂ ಕಾಣಬಲ್ಲ ಹಕ್ಕಿಗೆ ಅದು ಬೇರೆಯೇ ಹಣ್ಣು. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು 3 ಬಗೆ, ಹಗಲು ಹಾರುವ ಹೆಚ್ಚಿನ ಹಕ್ಕಿಗಳಲ್ಲಿ 4. ಒಂದು ವರ್ಷದ ಅಳತೆಯನ್ನು ಪೂರ್ತಿ ಕೈಬಿಟ್ಟೆ. ಆ ಸಂಕಟ ಇನ್ನೂ ಇದೆ.

ಈಗ ತೊಟ್ಟನ್ನು ಚಿಮಟದಲ್ಲಿ ಹಿಡಿದು ಕತ್ತರಿಸುತ್ತೇನೆ. ಹೋಲಿಕೆಗೆಂದು ಬಿಳಿ ಮಾನಕ ಫಲಕವನ್ನು ಅಳೆದ ಮೇಲೆ ಹಣ್ಣನ್ನು 300ರಿಂದ 700 ನ್ಯಾನೊಮೀಟರ್‌ವರೆಗಿನ ಬೆಳಕಿನ ತರಂಗಾಂತರಗಳಲ್ಲಿ ಅಳೆಯುತ್ತೇನೆ. ಅದರ ಹಿಂದಿದ್ದ ಎಲೆಯನ್ನೂ ಬಿಡುವುದಿಲ್ಲ, ಏಕೆಂದರೆ ದೂರದಿಂದ ಬರುವ ಹಕ್ಕಿಗೆ ಸಿಗುವುದು ಹಣ್ಣಿಗೂ ಎಲೆಗೂ ಇರುವ ವ್ಯತ್ಯಾಸ.

ಆಮೇಲೆ ಅದೇ ಹಣ್ಣಿನ ರಸ ಹಿಂಡಿ ರಿಫ್ರಾಕ್ಟೋಮೀಟರಿನಲ್ಲಿ ಸಿಹಿ ನೋಡುತ್ತೇನೆ. ಒಂದೇ ಗಿಡದಲ್ಲಿ ಹಸಿರು ಕರಗಿ ಕೆಂಪು, ಕಪ್ಪು ಏರಿದಂತೆ ಸಿಹಿಯೂ ಏರುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಆದರೆ ಕೆಂಪು ಹಣ್ಣೆಲ್ಲ ಹಳದಿ ಹಣ್ಣಿಗಿಂತ ಸಿಹಿ ಎಂದು ಗಿಡದಿಂದ ಗಿಡಕ್ಕೆ ಲೆಕ್ಕ ಹಾಕಲು ಹೋದರೆ ಕೈಗೆ ಏನೂ ಹತ್ತುವುದಿಲ್ಲ. ಬಣ್ಣ ಮೊದಲು ಹೇಳುವುದು ‘ಈಗ ಮಾಗಿದೆ’ ಎಂಬುದನ್ನು. ಎಷ್ಟು ಊಟವಿದೆ ಎಂಬುದು ಅದರ ನಂತರದ ಮಾತು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇನ್ನೊಂದು ಎಚ್ಚರಿಕೆ: ಈ ಉಪಕರಣಕ್ಕೆ ಎಣ್ಣೆ ಕಾಣದು. ಕೊಬ್ಬು ತುಂಬಿದ ಹಣ್ಣು ಅದರ ಮಟ್ಟಿಗೆ ಬಡಹಣ್ಣು.

ಅದಕ್ಕೇ ವೈಬರ್ನಮ್ ಟೈನಸ್ ಎಂಬ ಪೊದೆಯ ಹಣ್ಣು ನನಗೆ ಅಷ್ಟು ಪ್ರಿಯ. ಅದರ ಲೋಹದಂಥ ನೀಲಿ ಮೂಡುವುದು ಸಿಪ್ಪೆಯ ಕೋಶಭಿತ್ತಿಯಲ್ಲಿ ಪದರ ಪದರವಾಗಿ ಕುಳಿತ ಕೊಬ್ಬಿನ ಹನಿಗಳಿಂದ. ತಿರುಳಿನಲ್ಲೂ ಕೊಬ್ಬೇ. ಹೊರಗೆ ಏನು ಹೊಳೆಯುತ್ತದೋ ಒಳಗೆ ಅದೇ ಊಟ. ಪೋಲಿಯಾ ಕಂಡೆನ್ಸಾಟಾ ಎಂಬ ಗಿಡದ ಹಣ್ಣು ಅದಕ್ಕಿಂತಲೂ ಹೊಳೆಯುವ ನೀಲಿ. ಆ ನೀಲಿ ಬರುವುದು ಸೆಲ್ಯುಲೋಸ್ ಪದರಗಳಿಂದ, ಒಳಗೆ ತಿನ್ನಲು ತಿರುಳೇ ಇಲ್ಲ.

ಕಳೆದ ಹಂಗಾಮಿನಲ್ಲಿ ಮಾಗಿದರೂ ಹಸಿರಾಗಿಯೇ ಉಳಿಯುವ ಅತ್ತಿಜಾತಿಯ ಹಣ್ಣೊಂದನ್ನು ಅಳೆದೆ. ನಕ್ಷೆಯಲ್ಲಿ ಎಲೆಯ ರೇಖೆ, ಹಣ್ಣಿನ ರೇಖೆ ಒಂದರ ಮೇಲೊಂದು ಕುಳಿತವು. ಕತ್ತಲಾದ ಮೇಲೆ ಮರದಡಿ ನಿಂತಾಗ ಘಮ ಮೂಗಿಗೆ ಬಡಿಯಿತು, ಬಾವಲಿಗಳು ಆಗಲೇ ಬಂದಿದ್ದವು.