ಮಲೆನಾಡಿನ ಡೆಂಟಲ್ ಕ್ಲಿನಿಕ್‌ನಲ್ಲಿ ಕಂಪ್ರೆಸರ್, ಸಕ್ಷನ್ ನೋಡಿಕೊಳ್ಳುವುದು ಹೇಗೆ?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಕ್ಲಿನಿಕ್ ಇಟ್ಟವರಿಗೆ ಮೊದಲ ಮಾತು. ಕಂಪ್ರೆಸರ್ (ಗಾಳಿಯನ್ನು ಒತ್ತಿ ಟ್ಯಾಂಕಿಗೆ ತುಂಬುವ ಯಂತ್ರ) ಜೊತೆ ಬಂದ ಪುಸ್ತಕದಲ್ಲಿ ವಾರಕ್ಕೊಮ್ಮೆ ಟ್ಯಾಂಕ್ ನೀರು ಬಿಡಿ ಅಂತ ಇದ್ದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ನಂಬಬೇಡಿ. ಇಲ್ಲಿ ದಿನಾ ಬಿಡಬೇಕು. ಹಗ್ಗದ ಮೇಲೆ ಹಾಕಿದ ಬಟ್ಟೆ ಮೂರು ದಿನವಾದರೂ ಒಣಗದ ವಾರದಲ್ಲಿ ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ. ಶಿಕಾರಿಪುರದ ಕಡೆ ಇಷ್ಟು ಕಷ್ಟ ಇಲ್ಲ. ಆಗುಂಬೆ ಕಡೆ ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಬೀಳುತ್ತದೆ, ಅಲ್ಲಿ ಬೇರೆ ದಾರಿ ಇಲ್ಲ.

ಲೆಕ್ಕ ನೋಡಿ. 25 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 23 ಗ್ರಾಂ ಆವಿ ಹಿಡಿಯುತ್ತದೆ. ತೇವಾಂಶ ಶೇ 90 ಇದ್ದರೆ ಅದರಲ್ಲಿ ಆಗಲೇ 21 ಗ್ರಾಂ ಇದೆ. ಅದನ್ನು 7 ಬಾರ್‌ಗೆ (ಹೊರಗಿನ ಗಾಳಿಯ 1 ಬಾರ್ ಸೇರಿ 8) ಒತ್ತಿದರೆ ಗಾಳಿ ಎಂಟನೇ ಒಂದು ಪಾಲು ಜಾಗಕ್ಕೆ ಇಳಿಯುತ್ತದೆ. ತಣ್ಣಗಾದ ಮೇಲೆ ಅಷ್ಟು ಜಾಗದಲ್ಲಿ 3 ಗ್ರಾಂ ಆವಿಯೂ ನಿಲ್ಲುವುದಿಲ್ಲ, ಉಳಿದ 18 ಗ್ರಾಂ ನೀರಾಗುತ್ತದೆ. ನಿಮಿಷಕ್ಕೆ 50 ಲೀಟರ್ ಗಾಳಿ ಎಳೆಯುವ ಸಣ್ಣ ಯಂತ್ರ ದಿನಕ್ಕೆ ಒಟ್ಟು 4 ಗಂಟೆ ಓಡಿದರೂ 200 ಮಿಲಿ ಮೀರುತ್ತದೆ. ಬಿಡದಿದ್ದರೆ ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಏರೋಟರ್ (ಗಾಳಿಯಿಂದ ತಿರುಗುವ ಹಲ್ಲು ಕೊರೆಯುವ ಯಂತ್ರ) ಬೇರಿಂಗ್ ಬೇಗ ಹೋಗುತ್ತದೆ, ಒಣಗಿಸಿದ ಹಲ್ಲಿನ ಮೇಲೆ ಮತ್ತೆ ನೀರು ಬಿದ್ದು ಕಾಂಪೋಸಿಟ್ (ಹಲ್ಲಿನ ಬಣ್ಣದ ಫಿಲ್ಲಿಂಗ್) ಸರಿಯಾಗಿ ಹಿಡಿಯುವುದಿಲ್ಲ. ಆಮೇಲೆ ಅದನ್ನು ಅಂಟಿಸುವ ಬಾಂಡಿಂಗ್ ಬಾಟಲಿಯ ಕಂಪನಿಯನ್ನು ಬೈಯುತ್ತೇವೆ!

ನೀರು ಬಿಡುವುದು ಹೀಗೆ. ಸಂಜೆ ಸ್ವಿಚ್ ಆಫ್ ಮಾಡಿ. ಒತ್ತಡ ಒಂದೆರಡು ಬಾರ್‌ಗೆ ಇಳಿಯಲಿ. ಕೆಳಗೆ ಡಬ್ಬಿ ಇಟ್ಟು ಡ್ರೈನ್ ವಾಲ್ವ್ ನಿಧಾನಕ್ಕೆ ತಿರುಗಿಸಿ, ಮುಖ ಆಚೆ ಇರಲಿ. ಪೂರ್ತಿ ಖಾಲಿಯಾದ ಮೇಲೆ ರಾತ್ರಿ ವಾಲ್ವ್ ತೆರೆದೇ ಬಿಡಿ. ಬಂದ ನೀರಿನ ಬಣ್ಣ ನೋಡುವುದನ್ನು ಮರೆಯಬೇಡಿ. ತಿಳಿಯಾಗಿದ್ದರೆ ಸರಿ. ಹಾಲು ಕಲಸಿದಂತೆ ಬೆಳ್ಳಗಿದ್ದರೆ ಎಣ್ಣೆ ಸೇರಿದೆ. ತುಕ್ಕಿನ ಕೆಂಪು ದಿನಾ ಬರುತ್ತಿದ್ದರೆ ಟ್ಯಾಂಕ್ ತೆಳುವಾಗುತ್ತಿದೆ ಅಂತ ಅರ್ಥ. ಓಡಿಸುವುದನ್ನು ನಿಲ್ಲಿಸಿ, ತಿಳಿದವರಿಂದ ಪರೀಕ್ಷೆ ಮಾಡಿಸಿ. ವೆಲ್ಡಿಂಗ್ ಅಂಗಡಿಗೆ ಒಯ್ದು ತೇಪೆ ಹಾಕಿಸುವ ಯೋಚನೆ ಬೇಡ, ಒತ್ತಡದ ಟ್ಯಾಂಕ್ ಒಡೆದರೆ ಗೋಡೆಯೂ ಉಳಿಯುವುದಿಲ್ಲ. ಆಟೋ ಡ್ರೈನ್ ಇರುವವರೂ ಆಗಾಗ ಕೈಯಿಂದ ಬಿಟ್ಟು ನೋಡಿ, ಅದು ಕಸ ಕಟ್ಟಿಕೊಂಡು ಸುಮ್ನೆ ಕೂತಿರುತ್ತದೆ.

ಟ್ಯಾಂಕ್ ನೀರು ಬಿಟ್ಟ ಮಾತ್ರಕ್ಕೆ ಗಾಳಿ ಒಣಗಿತು ಅಂತಲ್ಲ. ಡ್ರೈಯರ್ ಬೇಕೇ ಬೇಕು. ಹರಳು ತುಂಬಿದ ಡ್ರೈಯರ್ ಆದರೆ ಹರಳಿನ ಬಣ್ಣ ಬದಲಾಯಿತಾ ಅಂತ ನೋಡುತ್ತಿರಿ, ಮಳೆಗಾಲದಲ್ಲಿ ಬೇಗ ಬದಲಾಗುತ್ತದೆ. ಪರೀಕ್ಷೆಗೆ ದೊಡ್ಡ ಮೀಟರ್ ಬೇಡ. ಕುರ್ಚಿಯ ಗಾಳಿ ಊದುವ ಸಿರಿಂಜ್‌ನ ಗಾಳಿಯನ್ನು ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಶುಚಿಯಾದ ಮೌತ್ ಮಿರರ್ ಮೇಲೆ ಊದಿ. ಹನಿ ಅಥವಾ ಜಿಡ್ಡಿನ ಕಲೆ ಕಂಡರೆ ಆವತ್ತು ಫಿಲ್ಲಿಂಗ್ ಮಾಡಬೇಡಿ. ಜಿಡ್ಡು ಕಂಡರೆ ಕಂಪ್ರೆಸರ್ ಯಾವುದು ಅಂತಲೂ ಕೇಳಿಕೊಳ್ಳಿ. ಕಡಿಮೆಗೆ ಸಿಗುತ್ತದೆ ಅಂತ ಎಣ್ಣೆ ಹಾಕುವ ಗ್ಯಾರೇಜ್ ಕಂಪ್ರೆಸರ್ ತಂದಿಟ್ಟವರನ್ನು ಕಂಡಿದ್ದೇನೆ. ಟೈರಿಗೆ ಅದು ಸಾಕು, ಬಾಯಿಗೆ ಬೇಡ. ಹೊಸದು ತರುವಾಗ ಆಯಿಲ್ ಫ್ರೀ ತನ್ನಿ. ಮಾರುವವರಿಗೆ ಕಂಪ್ರೆಸರ್ ಐಎಸ್‌ಒ 22052 ಎಂಬ ಅಂತರರಾಷ್ಟ್ರೀಯ ಮಾನದಂಡಕ್ಕೆ, ಬಾಯಿಯ ಎಂಜಲು, ನೀರು ಎಳೆಯುವ ಸಕ್ಷನ್ ಮೋಟಾರ್ ಐಎಸ್‌ಒ 10637ಗೆ ಸರಿಹೊಂದುತ್ತದಾ ಅಂತ ಕೇಳಿ. ಅವರು ತಡವರಿಸಿದರೆ ನಿಮಗೆ ಉತ್ತರ ಸಿಕ್ಕಿತು.

ಈಗ ಜಾಗದ ವಿಷಯ. ನನ್ನ ಪ್ರಕಾರ ಜಾಸ್ತಿ ತಪ್ಪು ಆಗುವುದು ಇಲ್ಲೇ. ಜಾಗ ಸಾಲದೆ ಕಂಪ್ರೆಸರ್, ಸಕ್ಷನ್ ಮೋಟಾರ್ ಎರಡನ್ನೂ ಮೆಟ್ಟಿಲ ಕೆಳಗಿನ ಒಂದೇ ಗೂಡಿಗೆ ತುರುಕಿ ಬಾಗಿಲು ಹಾಕಿರುತ್ತಾರೆ. ಸಕ್ಷನ್ ಹೊರಬಿಡುವ ಗಾಳಿ ಅಂದರೆ ಒಬ್ಬರ ಬಾಯಿಂದ ಎಳೆದ ಗಾಳಿ. ಅದನ್ನೇ ಪಕ್ಕದ ಕಂಪ್ರೆಸರ್ ಎಳೆದುಕೊಂಡು ಮುಂದಿನವರ ಬಾಯಿಗೆ ಊದುತ್ತದೆ. ಅಸಹ್ಯ ಅಲ್ವಾ? ಸಕ್ಷನ್‌ನ ಗಾಳಿಗೆ ಪೈಪ್ ಹಾಕಿ ಕಟ್ಟಡದ ಹೊರಗೆ ಬಿಡಿ, ಯಾರ ಕಿಟಕಿಗೂ ಹತ್ತಿರ ಬೇಡ. ಕಂಪ್ರೆಸರ್ ಎಳೆಯುವ ಗಾಳಿ ಜನರೇಟರ್, ಬಚ್ಚಲು ಎರಡರಿಂದಲೂ ದೂರ ಇರಲಿ. ಹಿತ್ತಲಲ್ಲಿ ಅಡಿಕೆ ಬೇಯಿಸುವ ಒಲೆ ಇದ್ದರೆ ಕೊಯ್ಲಿನ ಕಾಲದಲ್ಲಿ ಇನ್‌ಟೇಕ್ ಫಿಲ್ಟರ್ ಬೇಗ ಕಪ್ಪಾಗುತ್ತದೆ, ಬದಲಿಸಿ.

ಸಕ್ಷನ್‌ಗೆ ರೋಗಿಯೊಬ್ಬರು ಎದ್ದ ಮೇಲೆ ಒಂದು ಲೋಟ ತಣ್ಣೀರು ಎಳೆಸಿ. ತುದಿಯನ್ನು ನೀರಲ್ಲಿ ಮುಳುಗಿಸಿಯೇ ಹಿಡಿಯಬೇಡಿ, ಎತ್ತಿ ಎತ್ತಿ ಅದ್ದಿ. ನಡುನಡುವೆ ಗಾಳಿ ಹೋದರೆ ಪೈಪಿನ ಗೋಡೆ ಚೆನ್ನಾಗಿ ತೊಳೆಯುತ್ತದೆ. ಬಿಸಿನೀರು ಬೇಡ, ರಕ್ತ ಹೆಪ್ಪುಗಟ್ಟಿ ಅಂಟುತ್ತದೆ. ದಿನದ ಕೊನೆಗೆ ಸಕ್ಷನ್‌ಗೆಂದೇ ಮಾಡಿದ, ನೊರೆ ಬಾರದ ಸೋಂಕುನಿವಾರಕ ಎಳೆಸಿ, ಬಾಟಲಿಯಲ್ಲಿ ಹೇಳಿದಷ್ಟು ಹೊತ್ತು ಬಿಡಿ. ಫಿನಾಯಿಲ್, ಸೋಪಿನ ಪುಡಿ ಹಾಕಿದರೆ ನೊರೆ ಮೋಟಾರ್‌ಗೆ ಹೋಗುತ್ತದೆ. ಬ್ಲೀಚ್ ಲೋಹ ತಿನ್ನುತ್ತದೆ, ಅಮಾಲ್ಗಮ್ (ಪಾದರಸ ಬೆರೆಸಿದ ಫಿಲ್ಲಿಂಗ್) ಚೂರಿದ್ದರೆ ಅದರಿಂದ ಪಾದರಸವನ್ನೂ ಬಿಡಿಸುತ್ತದೆ. ಅಮಾಲ್ಗಮ್ ಚೂರುಗಳನ್ನು ಸಿಂಕಿಗೆ ಸುರಿಯದೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಕೂಡಿಡಿ.

ಕುರ್ಚಿಯ ಫಿಲ್ಟರ್ ದಿನಾ ತೆಗೆಯಬೇಕು. ಗ್ಲೌಸ್, ಮಾಸ್ಕ್, ಕನ್ನಡಕ ಹಾಕಿಕೊಂಡೇ. ಕವಳ ಹಾಕುವವರ ಸ್ಕೇಲಿಂಗ್ (ಹಲ್ಲಿನ ಕಿಟ್ಟ ತೆಗೆಯುವುದು) ಇದ್ದ ದಿನ ಮಧ್ಯಾಹ್ನವೂ ತೆಗೆದು ನೋಡಿ. ಎಳೆತ ಕಮ್ಮಿಯಾದರೆ ಮೋಟಾರ್ ಬಿಚ್ಚುವ ಮೊದಲು ತುದಿ, ಹಿಡಿಕೆಯ ವಾಲ್ವ್, ಫಿಲ್ಟರ್, ಪೈಪಿನ ಸೀಳು, ಇದೇ ಸಾಲಿನಲ್ಲಿ ನೋಡಿ. ಹೆಚ್ಚಿನ ಸಲ ಅಲ್ಲೇ ಮುಗಿಯುತ್ತದೆ. ಇನ್ನೊಂದು, ಎಂಜಲು ಎಳೆಯುವ ಸಣ್ಣ ತುದಿಗೆ ತುಟಿ ಮುಚ್ಚಲು ರೋಗಿಗೆ ಹೇಳಬೇಡಿ. ಪೈಪಿನಲ್ಲಿದ್ದದ್ದು ವಾಪಸ್ ಬಾಯಿಗೆ ಬರಬಹುದು.

ಕರೆಂಟ್ ಹೋಗಿ ಬಂದಾಗ ಕಂಪ್ರೆಸರ್ ಗುಂಯ್ ಅಂದು ತಿರುಗದಿದ್ದರೆ ತಕ್ಷಣ ಆಫ್ ಮಾಡಿ. ವೋಲ್ಟೇಜ್ ಕಮ್ಮಿ ಇರಬಹುದು, ಕೆಪಾಸಿಟರ್ ಹೋಗಿರಬಹುದು, ಇಲ್ಲವೇ ಹೆಡ್‌ನ ಒತ್ತಡ ಬಿಡುವ ವಾಲ್ವ್ ಸಿಕ್ಕಿಕೊಂಡಿರಬಹುದು. ಮತ್ತೆ ಮತ್ತೆ ಒತ್ತಿದರೆ ಮೋಟಾರ್ ಸುಡುತ್ತದೆ. ಯಾರೂ ಕೆಲಸ ಮಾಡದಿರುವಾಗಲೂ ಅದು ತಾನಾಗಿ ಶುರುವಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ, ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕಿ.

ಬೆಂಗಳೂರಿನಿಂದ ಮೆಕ್ಯಾನಿಕ್ ಬರುವವರೆಗೆ ಕಾಯುವುದು ನಮ್ಮ ಊರುಗಳಲ್ಲಿ ಇದ್ದದ್ದೇ, ಹಾಗಾಗಿ ಒಂದು ಜೊತೆ ಇನ್‌ಟೇಕ್ ಫಿಲ್ಟರ್, ಸಕ್ಷನ್ ಫಿಲ್ಟರ್, ಓ-ರಿಂಗ್, ಒಂದು ಡ್ರೈನ್ ವಾಲ್ವ್ ಕಪಾಟಿನಲ್ಲಿ ಇರಲಿ. ಹಬ್ಬಕ್ಕೋ ಜಾತ್ರೆಗೋ ನಾಲ್ಕು ದಿನ ಬಾಗಿಲು ಹಾಕುವ ಮೊದಲು ಟ್ಯಾಂಕ್ ಖಾಲಿ ಮಾಡಿ, ಸಕ್ಷನ್ ಪೈಪಿಗೆ ಔಷಧಿ ಎಳೆಸಿ, ಕುರ್ಚಿಗೆ ಹೋಗುವ ನೀರಿನ ನಲ್ಲಿ ಮುಚ್ಚಿ. ಬಂದ ದಿನ ಮೊದಲ ರೋಗಿಯನ್ನು ಕೂರಿಸುವ ಮೊದಲು ಗಾಳಿಯನ್ನು ಸ್ವಲ್ಪ ಹೊತ್ತು ಹೊರಗೆ ಬಿಟ್ಟು ಆ ಮಿರರ್ ಪರೀಕ್ಷೆ ಮಾಡಿಕೊಳ್ಳಿ.